ದ್ಯಾಮಮ್ಮನ ಕುಂಟೆಬಿಲ್ಲೆ

“ಗೆರೆ ತುಳಿದ್ಲು. ಔಟು,” ಎಂದಳು ದ್ಯಾಮಮ್ಮ. ಒಂಟಿಕಾಲಲ್ಲಿ ನಿಂತಿದ್ದವಳು ಅವಳ ಸ್ವಂತ ಮೊಮ್ಮಗಳು ಧನುಶ್ರೀಯೇ. ಹುಡುಗಿ ಮುಖ ಸಣ್ಣದು ಮಾಡಿಕೊಂಡರೂ ಎದುರಾಡದೆ ಆಚೆ ಸರಿದಳು.

ಚೌಳಹಿರಿಯೂರಿನ ಆ ಶಾಲೆಯಲ್ಲಿ ಆವತ್ತು ಐದನೇ ತರಗತಿಯವರಿಗೆ ಅಜ್ಜಿ ಕಾಲದ ಬಾಲ್ಯವನ್ನು ಆಡಿ ನೋಡುವ ದಿನ. ಶಿರೀನ್ ತಾಜ್ ಮೇಡಂ ಬೆಳಿಗ್ಗೆಯೇ ಬೆಂಚುಗಳನ್ನು ಹೊರಗೆ ಹಾಕಿಸಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಸ್ಲೇಟಿನಲ್ಲಿ ಮಗ್ಗಿ ಬರೆಸಿದ್ದರು. ಮಧ್ಯಾಹ್ನ ಎಲ್ಲರ ಬುತ್ತಿಯಲ್ಲೂ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಆಮೇಲೆ ಆಟ. ಹೇಳಿಕೊಡಲು ಯಾರಾದರೂ ಹಿರಿಯರು ಬೇಕೆಂದಾಗ ಧನುಶ್ರೀ ಎದ್ದು, ನಮ್ಮಜ್ಜಿಗೆ ಬರದ ಆಟವೇ ಇಲ್ಲ ಎಂದುಬಿಟ್ಟಿದ್ದಳು.

ಸುಳ್ಳೇನಲ್ಲ. ದ್ಯಾಮಮ್ಮ ಬಂದವಳೇ ಕಡ್ಡಿ ಹಿಡಿದು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಗೀರಿದ್ದಳು. ದಪ್ಪ ಹೆಂಚಿನ ಚೂರು ಪುಟಿಯುತ್ತದೆ, ತೆಳ್ಳನೆಯದೇ ಬೇಕು ಎಂದು ಹುಡುಕಿಸಿದ್ದಳು. ಎಲ್ಲಿ ಕಾಲೂರಬಹುದು, ಎಲ್ಲಿ ಊರಬಾರದು ಎಂದು ಜಗಳ ಬಂದರೆ ಅವಳ ಮಾತೇ ಕೊನೆ.

“ಅಜ್ಜಿ, ಚಿಕ್ಕೋರಿದ್ದಾಗ ಯಾವಾಗ್ಲೂ ನೀವೇ ಗೆಲ್ತಿದ್ರಾ?” ಸರದಿಗೆ ಕಾಯುತ್ತಿದ್ದ ಅಲ್ಫಿಯಾ ಕೇಳಿದಳು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಧನುಶ್ರೀ ಕಣ್ಣರಳಿಸಿ ಕಾಯುತ್ತಿದ್ದಳು. ಆ ಮುಖ ನೋಡಿ ದ್ಯಾಮಮ್ಮ ಹೂಂ ಅನ್ನಲೇ ಹೊರಟಳು. ಆದರೆ ಆ ಕಾಲ ಹೇಗಿತ್ತು ಅಂತ ತಿಳಿಯಲಿಕ್ಕೇ ತಾನೆ ಈ ಮಕ್ಕಳು ಇಷ್ಟೆಲ್ಲ ಮಾಡುತ್ತಿರುವುದು ಅನ್ನಿಸಿತು.

“ನಾನು ಆಡ್ಲೇ ಇಲ್ಲ ಕಣವ್ವಾ.”

ಮಕ್ಕಳು ಬಿಡಲಿಲ್ಲ, ಯಾಕೆ ಎಂದು ಸುತ್ತುಗಟ್ಟಿದರು. ಅವಳು ಹೇಳಿದಳು. ಅವ್ವ ಹೊತ್ತು ಮೂಡುವ ಮುಂಚೆ ಕೂಲಿಗೆ ಹೊರಡುತ್ತಿದ್ದಳು. ತಮ್ಮ ಇವಳ ಕಂಕುಳಿಗೆ. ಕೆಳಗಿಳಿಸಿದರೆ ಊರಿಗೆಲ್ಲ ಕೇಳುವಂತೆ ಅಳುತ್ತಿದ್ದ. ಅವನು ನಡೆಯಲು ಕಲಿಯುವ ಹೊತ್ತಿಗೆ ತಂಗಿ ಹುಟ್ಟಿದಳು. ತಂಗಿ ಕಂಕುಳಿಂದ ಇಳಿಯುವ ಹೊತ್ತಿಗೆ ಇವಳಿಗೆ ಸೀರೆ ಉಡಿಸಿ ಮದುವೆ ಮಾಡಿದ್ದರು. ಮಗು ಎತ್ತಿಕೊಂಡು ಕುಂಟುವುದುಂಟೆ? ಅದಕ್ಕೇ ಆಡುವ ಹುಡುಗಿಯರು ಇವಳನ್ನು ಗೆರೆ ನೋಡಲು ನಿಲ್ಲಿಸುತ್ತಿದ್ದರು. ನಿಂತು ನಿಂತೇ ಆಟವೆಲ್ಲ ಬಂತು.

ಕೇಳಬಾರದ್ದನ್ನು ಕೇಳಿದೆನೇನೋ ಎಂದು ಅಲ್ಫಿಯಾ ತಲೆ ತಗ್ಗಿಸಿದಳು. ಧನುಶ್ರೀ ಮಾತ್ರ ಹೋಗಿ ಬಿಲ್ಲೆ ಎತ್ತಿ ತಂದು ಅಜ್ಜಿಯ ಅಂಗೈಯಲ್ಲಿಟ್ಟಳು. “ಈಗ ಆಡಜ್ಜಿ.”

ದ್ಯಾಮಮ್ಮ ಬೇಡವೆಂದಳು. ಮಂಡಿನೋವು ಎಂದಳು, ಕಂಡವರು ನಕ್ಕಾರು ಎಂದಳು. ಹೇಳುತ್ತಾ ಹೇಳುತ್ತಾ ಚಪ್ಪಲಿ ಬಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಸೆದ ಬಿಲ್ಲೆ ಮೊದಲ ಮನೆಯ ನಟ್ಟನಡುವೆ ಬಿತ್ತು. ಮೇಡಂ ಓಡಿ ಬಂದು ಕೈ ಹಿಡಿದುಕೊಂಡರು. ಮುದುಕಿ ಒಂದು ಕಾಲೆತ್ತಿದಳು, ಇನ್ನೊಂದರಿಂದ ಕುಂಟಿ ಬಿಲ್ಲೆಯನ್ನು ಎರಡನೇ ಮನೆಗೆ ದೂಡಿದಳು. ಇನ್ನೊಂದು ಸಲ ಕುಂಟಿದಾಗ ಮೈ ಓಲಾಡಿ ಹೆಬ್ಬೆರಳು ಗೆರೆಯ ಮೇಲೆ ಕೂತಿತು.

ಯಾರೂ ಔಟು ಅನ್ನಲಿಲ್ಲ. ತಾಗಲಿಲ್ಲ ಅಜ್ಜಿ, ಮುಂದಕ್ಕೆ ಆಡಿ ಎಂದಳು ಅಲ್ಫಿಯಾ. ಇಡೀ ತರಗತಿ ತಾಗಲಿಲ್ಲವೆಂದೇ ಸಾಧಿಸಿತು.

“ತಾಗ್ತು ಕಣ್ರವ್ವಾ. ನಾನೇ ನೋಡ್ದೆ,” ಎಂದಳು ದ್ಯಾಮಮ್ಮ.

ಅಜ್ಜಿ ಸುಧಾರಿಸಿಕೊಳ್ಳಲೆಂದು ಮೇಡಂ ಕುರ್ಚಿ ತರಿಸಿದರು. ದ್ಯಾಮಮ್ಮ ಅದರತ್ತ ತಿರುಗಿಯೂ ನೋಡಲಿಲ್ಲ. ಏದುಸಿರು ಬಿಡುತ್ತಾ ಬಿಲ್ಲೆಯನ್ನು ಮುಂದಿನವಳ ಕೈಗಿಟ್ಟು, ಸರದಿಗೆ ನಿಂತಿದ್ದ ಮಕ್ಕಳ ಸಾಲಿನ ತುದಿಗೆ ಹೋಗಿ ನಿಂತಳು.