ಬಿಳಿ ತಾರಸಿ

ಆಕಾಶದಿಂದ ಉದುರಿದ ಕಾಗದಗಳು ತಂತಿಯ ಮೇಲಿನ ಒದ್ದೆ ಬೆಡ್‌ಶೀಟುಗಳಿಗೆ ಅಂಟಿಕೊಂಡು ಶಾಯಿ ಬಿಡತೊಡಗಿದಾಗ ಲಾಂಡ್ರಿ ಅಕ್ಕ ಸೊಂಟಕ್ಕೆ ಕೈಯಿಟ್ಟು ವಿಮಾನವನ್ನೇ ಬೈದಳು. "ಕಣ್ಣು ಕಾಣಲ್ವೇನೋ ನಿಂಗೆ? ಆಸ್ಪತ್ರೆ ಬಟ್ಟೆ ಕಣೋ ಇದು! ಬೆಳಗಿಂದ ಹಂಡೆ ಮುಂದೆ ಬೆಂದಿದೀನಿ!" ವಿಮಾನ ಆಗಲೇ ಚುಕ್ಕೆಯಾಗಿತ್ತು. ಮೈದುನ ಒಂದು ಕಾಗದವನ್ನು ಬಿಡಿಸಿ ಓದಿದ: "ಬಂಡುಕೋರರಿಂದ ನಿಮ್ಮನ್ನು ಬಿಡಿಸಲು ಬರುತ್ತಿದ್ದೇವೆ. ತಾರಸಿಯ ಮೇಲೆ ಬಿಳಿ ಬಟ್ಟೆ ಹಾಸಿ. ಬಿಳಿ ಕಂಡಲ್ಲಿ ಬಾಂಬು ಬೀಳುವುದಿಲ್ಲ. ಬಿಳಿ ಇಲ್ಲದ ದೊಡ್ಡ ಕಟ್ಟಡಗಳನ್ನು ಶತ್ರುವಿನ ನೆಲೆ ಎಂದು ತಿಳಿಯುತ್ತೇವೆ."

"ಕೊನೆಗೂ ಬಂದ್ರಲ್ಲಾ ಅತ್ತಿಗೆ!" ಅವನು ಕಾಗದವನ್ನು ಎದೆಗೊತ್ತಿಕೊಂಡ. ಒಗೆಯುವ ಕಲ್ಲಿನ ಮುಂದೆ ಹಾಡು ಗುನುಗಿದ ತಪ್ಪಿಗೆ ಬಂಡುಕೋರರು ಅವಳ ಗಂಡನನ್ನು ಒದ್ದೆ ಕೈಯಲ್ಲೇ ಎಳೆದುಕೊಂಡು ಹೋಗಿ ಎರಡು ವರ್ಷವಾಗಿತ್ತು. ಯಾವ ದೇಶದವನಾದರೂ ಸರಿ, ಬಂದು ಇವರ ಹುಟ್ಟಡಗಿಸಲಿ ಎಂದು ಅಂದಿನಿಂದ ಅವಳು ಮುಗಿಲು ನೋಡುತ್ತಿದ್ದಳು. ಅತ್ತೆ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. "ಇವನ್ನೆಲ್ಲ ಆಸ್ಪತ್ರೆ ತಾರಸಿಗೆ ಹಾಸೋಣ ನಡಿ. ನಿಮ್ಮಮ್ಮ ಅಲ್ಲಿದಾಳೆ," ಎಂದು ಒಂದು ಬೆಡ್‌ಶೀಟು ಎಳೆದವಳು, ಹಾಗೇ ನಿಂತಳು. ಶಾಯಿಯ ಕಲೆ.

"ಹಾಗೇ ಹಾಸಿದ್ರಾಯ್ತು ಅತ್ತಿಗೆ. ಅವರೇನು ಮಲಗೋಕೆ ಬರ್ತಿದಾರಾ?"

"ಸುಮ್ನಿರು. ಅಷ್ಟು ಮೇಲಿಂದ ನೋಡೋನಿಗೆ ಬಿಳಿ ಅಂದ್ರೆ ಬಿಳಿಯೇ ಆಗಿರಬೇಕು. ಕಲೆ ಇರೋ ಬಟ್ಟೆ ಈ ಕೈಯಿಂದ ಇವತ್ತಿನವರೆಗೂ ಹೊರಗೆ ಹೋಗಿಲ್ಲ." ಮತ್ತೆ ಹಂಡೆ ಹೊತ್ತಿತು. ಮತ್ತೆ ಸೋಡಾ, ಮತ್ತೆ ಕಲ್ಲು, ಕೊನೆಗೆ ಒಂದು ಚಿಟಿಕೆ ನೀಲಿ. ಮೈದುನ ಚಡಪಡಿಸುತ್ತಲೇ ಹಿಂಡಿದ. ಮರುದಿನ ಬಿಸಿಲೇರುವ ಹೊತ್ತಿಗೆ ಬಟ್ಟೆಗಳು ಗರಿಗರಿಯಾಗಿ ಒಣಗಿದ್ದವು. ಮಡಚಿ ಮೂಟೆ ಕಟ್ಟುವಷ್ಟರಲ್ಲಿ ಜೀಪು ಬಂದು ನಿಂತಿತು.

ಇಳಿದವನು ಪಂಕ್ಚರ್. ಹಿಂದೆ ಇದೇ ಬೀದಿಯಲ್ಲಿ ಸೈಕಲ್ಲಿಗೆ ತೇಪೆ ಹಚ್ಚುತ್ತಿದ್ದವನು, ಈಗ ಬಂಡುಕೋರರ ನಾಯಕ. ಆ ಹೆಸರನ್ನು ಜನ ಬಾಗಿಲು ಹಾಕಿಕೊಂಡೇ ಆಡುತ್ತಿದ್ದರು.

"ಇರೋ ಬೆಡ್‌ಶೀಟೆಲ್ಲಾ ಕೊಡಕ್ಕಾ. ಗೋದಾಮಿನ ತಾರಸಿಗೆ ಬೇಕು." ಗೋದಾಮಿನಲ್ಲಿ ಅವರ ಮದ್ದುಗುಂಡು ಇದೆಯೆಂದು ಊರಿಗೆಲ್ಲ ಗೊತ್ತು.

"ಆಸ್ಪತ್ರೇದು ಕಣಪ್ಪಾ. ಅಲ್ಲಿ ಕಾಯಿಲೆಯೋರು ಇದಾರೆ."

"ಆಸ್ಪತ್ರೆ ಮೇಲೆ ಯಾರಾದ್ರೂ ಬಾಂಬ್ ಹಾಕ್ತಾರಾ? ಬರ್ತಿರೋರು ದೊಡ್ಡ ಮನುಷ್ಯರು, ಓದ್ಕೊಂಡೋರು. ಕೆಟ್ಟೋರು ನಾವು ತಾನೆ?" ನಗುತ್ತಲೇ ಕೋವಿಯ ಮೂತಿಯನ್ನು ಮೈದುನನ ಕುತ್ತಿಗೆಗೆ ಒತ್ತಿದ. ಅವಳು ಮೂಟೆಯಿಂದ ಕೈ ತೆಗೆದಳು. ಆದರೆ ಅವನು ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಬಾಯಿ ತಾನಾಗಿಯೇ ಬಿಚ್ಚಿತು: "ಏಯ್, ಕೈ ತೊಳ್ಕೊಂಡು ಮುಟ್ಟೋ! ಎಣ್ಣೆ ಮಸಿ!" ಮೈದುನ ಕಣ್ಣು ಮುಚ್ಚಿಕೊಂಡ. ಪಂಕ್ಚರ್ ಗಹಗಹಿಸಿದ. ಕೋವಿಯನ್ನು ಜೊತೆಗಾರನಿಗೆ ಕೊಟ್ಟು ಅವಳದೇ ನಲ್ಲಿಯಲ್ಲಿ, ಅವಳದೇ ಸೋಪಿನಲ್ಲಿ, ಮೊಣಕೈವರೆಗೆ ಕೈ ತೊಳೆದುಕೊಂಡ.

ವಿಮಾನಗಳು ಮಧ್ಯಾಹ್ನ ಬಂದವು. ಅತ್ತಿಗೆ ಮೈದುನ ಓಡೋಡಿ ಬರುವಷ್ಟರಲ್ಲಿ ಆಸ್ಪತ್ರೆಯ ಎಡಭಾಗ ಕುಸಿದು ಕೂತಿತ್ತು. ತಾರಸಿಯ ಮೇಲೆ ನರ್ಸಮ್ಮ ತನ್ನ ಬಿಳಿ ಕೋಟು ಹಾಸಿ ಬಂದಿದ್ದಳಂತೆ. ಅಷ್ಟು ಎತ್ತರಕ್ಕೆ ಅದು ಕರ್ಚೀಫಿಗೂ ಕಡೆ. ಇಟ್ಟಿಗೆ ಸರಿಸಿ ಅತ್ತೆಯ ಹೆಣವನ್ನು ಹೊರಗೆ ಮಲಗಿಸಿದರು. ಆಂಬುಲೆನ್ಸಿನ ರೇಡಿಯೋದಲ್ಲಿ ವಿದೇಶಿ ವಕ್ತಾರ, ಇವರದೇ ಭಾಷೆಯನ್ನು ತುಂಬ ಶುದ್ಧವಾಗಿ ಆಡುತ್ತಿದ್ದ: "ಕಾರ್ಯಾಚರಣೆ ಯಶಸ್ವಿಯಾಗಿದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೇವೆ. ಬಿಳಿ ಹಾಸಿದ ಒಂದು ತಾರಸಿಯನ್ನೂ ಮುಟ್ಟಿಲ್ಲ."

"ಪಾಪ, ಅವರಿಗೆ ಗೊತ್ತಿರಲಿಲ್ಲ ಅತ್ತಿಗೆ," ಎಂದು ಮೈದುನ ಬಿಕ್ಕಿದ.

"ಏನು ಗೊತ್ತಿರಲಿಲ್ಲ?" ಅವಳು ರೇಡಿಯೋದತ್ತ ತಿರುಗಿದಳು. "ಕೋವಿ ಹಿಡಿದೋನು ಕೇಳಿದ್ರೆ ಮೈಮೇಲಿನ ಸೀರೇನೂ ಬಿಚ್ಚಿ ಕೊಡೋ ಊರು ಇದು. ಆ ಕೋವಿ ಕಿತ್ಕೊಳ್ಳೋಕೇ ಬರ್ತೀವಿ ಅಂದೋರಿಗೆ ಇಷ್ಟೂ ಗೊತ್ತಿರಲಿಲ್ವಾ? ಎರಡು ವರ್ಷ ಕತ್ತೆತ್ತಿ ಕಾದ್ನಲ್ಲೋ. ಒಂದು ಸಲ, ಒಂದೇ ಒಂದು ಸಲ, ಕತ್ತು ಬಗ್ಗಿಸಿ ಕೆಳಗೆ ಯಾರಿದಾರೆ ಅಂತ ನೋಡೋಕಾಗಲಿಲ್ವಾ ಅವರ ಕೈಲಿ?"

ನರ್ಸಮ್ಮ ಹಿಂಜರಿಯುತ್ತ ಬಂದು ಅವಳ ಭುಜ ಮುಟ್ಟಿದಳು. "ಅಕ್ಕಾ... ಅಜ್ಜಿಗೆ ಹೊದಿಸೋಕೆ ಒಂದು ಬೆಡ್‌ಶೀಟು ಸಿಗುತ್ತಾ?"

ಲಾಂಡ್ರಿ ಅಕ್ಕ ಕೈ ಎತ್ತಿ ತೋರಿಸಿದಳು. ಬೀದಿಯಾಚೆ, ಒಂದು ಇಟ್ಟಿಗೆಯೂ ಅಲುಗದ ಗೋದಾಮಿನ ಮೇಲಿಂದ ಅವಳ ಬೆಡ್‌ಶೀಟುಗಳ ಅಂಚು ಇಳಿಬಿದ್ದಿತ್ತು. ಎಲ್ಲಿಯೂ ಒಂದು ಕಲೆಯಿರಲಿಲ್ಲ. ಬಿಸಿಲಿಗೆ ಅದು ಎಷ್ಟು ಬೆಳ್ಳಗೆ ಹೊಳೆಯುತ್ತಿತ್ತೆಂದರೆ ನರ್ಸಮ್ಮ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು.