ಹದಿನೈದು ಐವತ್ತು

ಕಾರ್ಡಿಗೆ ತೂತು ಹೊಡೆದು ದಾರ ಪೋಣಿಸಿದ ಮೇಲೆ ಅದರ ಮೇಲಿದ್ದ ಕಾಲ್‌ಸೈನ್, ರೇಡಿಯೊದಲ್ಲಿ ಹೆಸರಿನ ಬದಲು ಹೇಳುವ ಗುರುತು, ಅವಳ ಕಣ್ಣಿಗೆ ಬಿತ್ತು. ಗಂಡನದು. ಕೆಳಗೆ ತಾರೀಕು. ಅವನು ತೀರಿಕೊಂಡ ದಿನದ್ದೇ.

ಸಮುದಾಯ ಭವನದ ತುಂಬ ಮರಗಳು. ಕ್ರಿಸ್‌ಮಸ್ ಹಬ್ಬಕ್ಕೆ ಆ ಪರದೇಶದ ಊರಿನ ಒಂದೊಂದು ಹವ್ಯಾಸಿ ಸಂಘಕ್ಕೂ ಒಂದೊಂದು ಮರ ಕೊಟ್ಟಿದ್ದರು. ಹೆಣಿಗೆಯವರ ಮರದಲ್ಲಿ ಉಣ್ಣೆಯ ಗಂಟೆಗಳು ತೂಗುತ್ತಿದ್ದವು. ಹ್ಯಾಮ್ ರೇಡಿಯೊ ಸಂಘದವರ ಬಳಿ ಕಾರ್ಡು ಬಿಟ್ಟರೆ ಬೇರೇನಿಲ್ಲ. ರೇಡಿಯೊದಲ್ಲಿ ಮಾತಾಡಿದ ಇಬ್ಬರು ಅಪರಿಚಿತರು, ಮಾತಾಡಿದ್ದು ನಿಜ ಎಂದು ಒಬ್ಬರಿಗೊಬ್ಬರು ಕಳಿಸುವ ಕಾರ್ಡು: ತಾರೀಕು, ಸಮಯ, ದನಿ ಎಷ್ಟು ಸ್ಪಷ್ಟವಿತ್ತು ಎಂಬ ಅಂಕೆ, ಜಾಗ ಉಳಿದರೆ ಎರಡು ಸಾಲು. ಎಲ್ಲ ಸಂಘದ ವಿಳಾಸಕ್ಕೇ ಬರುತ್ತಿದ್ದವು, ಕಟ್ಟುಕಟ್ಟಾಗಿ, ತಿಂಗಳುಗಟ್ಟಲೆ ತಡವಾಗಿ. ಈ ಕಟ್ಟು ನಿನ್ನೆ ಬಂದಿತ್ತು. ಯಾರೂ ಬಿಚ್ಚಿ ನೋಡಿರಲಿಲ್ಲ.

ಏಣಿ ಮೇಲಿದ್ದ ಲೈನ್‌ಮನ್ ಕೈ ಚಾಚಿದ. ಆಫೀಸು ಬಿಟ್ಟರೆ ಮನೆಯಲ್ಲೇ ಕೂತಿರುತ್ತೀರಿ, ಬನ್ನಿ ಎಂದು ಅವಳನ್ನು ಕರೆತಂದವನು ಅವನೇ. "ಕೊಡಿ ಅತ್ತಿಗೆ. ಹೆಣಿಗೆಯವರು ಆಗಲೇ ತುದಿ ಮುಟ್ಟಿದ್ದಾರೆ, ನಾವಿನ್ನೂ ಸೊಂಟದ ಹತ್ರ ಇದ್ದೀವಿ."

"ದಿನಾ ಕಂಬ ಹತ್ತೋನು ನೀನು. ಒಂದು ಮರಕ್ಕೆ ಇಷ್ಟು ಹೊತ್ತಾ?" ಸಂಘದ ಕಾರ್ಯದರ್ಶಿ ಮೇಷ್ಟ್ರು ಬಲ್ಬಿನ ಸರದ ಗಂಟು ಬಿಡಿಸುತ್ತ ಅಂದರು.

"ಕಂಬ ಚುಚ್ಚಲ್ಲ ಮೇಷ್ಟ್ರೇ."

ಅವಳು ಕಾರ್ಡು ಕೊಡಲಿಲ್ಲ. ಯಾವುದೋ ದ್ವೀಪದಿಂದ ಬಂದದ್ದು. ಚಿತ್ರದಲ್ಲಿ ಎರಡು ಆಡು, ಒಂದು ದೋಣಿ. ಹಿಂಬದಿಯಲ್ಲಿ ಸಮಯ, 15:50. ಅದರ ಕೆಳಗೆ ಓರೆ ಅಕ್ಷರದಲ್ಲಿ: 'ನಿಮ್ಮ ದನಿ ಚೆನ್ನಾಗಿ ಕೇಳಿಸಿತು. ಎದೆಯುರಿ ಅಂದಿರಿ. ಹೆಂಡತಿ ಇನ್ನೇನು ಬಂದುಬಿಡುತ್ತಾಳೆ, ಬಂದ ಕೂಡಲೇ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದಿರಿ. ಹೋದಿರಾ?'

"ಏನಾಯ್ತಮ್ಮ?" ಮೇಷ್ಟ್ರು ಕನ್ನಡಕ ಏರಿಸಿಕೊಂಡು ಕಾರ್ಡು ಇಸಕೊಂಡರು. ಓದಿದರು. ಇನ್ನೊಮ್ಮೆ ಓದಿದರು.

ಅವತ್ತು ಡಾಕ್ಟರು ಹೇಳಿದ ಮಾತು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಜೀವ ಹೋದದ್ದು ನಾಲ್ಕರ ಸುಮಾರಿಗೆ, ನೀವು ಆಫೀಸಿನಲ್ಲಿದ್ದ ಹೊತ್ತು, ಮನೆಯಲ್ಲಿದ್ದಿದ್ದರೆ ಎಂದು ಕೊರಗಬೇಡಿ. ಒಂಬತ್ತು ತಿಂಗಳಿಂದ ಅವಳು ಆ ಮಾತನ್ನು ಹಿಡಿದುಕೊಂಡೇ ಎದ್ದು, ಅಡುಗೆ ಮಾಡಿ, ಕೆಲಸಕ್ಕೆ ಹೋಗಿ ಬರುತ್ತಿದ್ದಳು.

ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಅವತ್ತು ಬೆಳಿಗ್ಗೆ ಜಗಳವಾಗಿ, "ನನಗೇನೂ ಹೇಳ್ಬೇಡಿ, ಎಲ್ಲ ಆ ರೇಡಿಯೊಗೇ ಹೇಳ್ಕೊಳ್ಳಿ" ಎಂದು ಬಾಗಿಲು ಎಳೆದುಕೊಂಡು ಬಂದಿದ್ದಳು. ಆಫೀಸು ನಾಲ್ಕೂವರೆಗೆ ಮುಗಿಯಿತು. ಮನೆ ಅರ್ಧ ಗಂಟೆಯ ದಾರಿ. ಮನೆಗೆ ಹೋಗಲು ಕಾಲು ಬರಲಿಲ್ಲ. ಪರದೆ ಬಟ್ಟೆಯ ಅಂಗಡಿಗೆ ಹೋಗಿ ಸುರುಳಿಯ ಮೇಲೆ ಸುರುಳಿ ಬಿಚ್ಚಿಸಿ ನೋಡುತ್ತ ಕೂತಳು. ಏನೂ ಕೊಳ್ಳಲಿಲ್ಲ. ಮನೆ ಮುಟ್ಟಿದಾಗ ಏಳು ಗಂಟೆ.

"ಮೂರು ಐವತ್ತು," ಅಂದರು ಮೇಷ್ಟ್ರು. ಪಾಠ ಹೇಳುವ ದನಿ ಅದಾಗಿರಲಿಲ್ಲ. "ಡಾಕ್ಟರು ಹೇಳಿದ್ದೂ ನಾಲ್ಕು. ಸರಿಹೋಯ್ತಲ್ಲಮ್ಮ. ಮಾತು ಮುಗಿಸಿದಾನೆ, ಹಾಗೇ ಹೋಗಿದಾನೆ. ಒದ್ದಾಡಲಿಲ್ಲ."

ಲೈನ್‌ಮನ್ ಮೇಲಿಂದ ಮೇಷ್ಟ್ರನ್ನೇ ನೋಡಿದ. ಕಾರ್ಡಿನಲ್ಲಿ ಒಂದು ನಿಮಿಷ ಹೆಚ್ಚುಕಮ್ಮಿ ಬರೆದರೂ ಎಲ್ಲರೆದುರು ನೀರಿಳಿಸುತ್ತಿದ್ದ ಮನುಷ್ಯ. ಅವನು ಮರದ ಕಡೆ ತಿರುಗಿಕೊಂಡ.

"ನಮ್ಮನೆ ಗೋಡೆ ಮೇಲೆ ಎರಡು ಗಡಿಯಾರ ಇದೆ ಮೇಷ್ಟ್ರೇ," ಅಂದಳು ಅವಳು. "ಒಂದು ನಮ್ಮದು. ಇನ್ನೊಂದು ನಿಮ್ಮ ರೇಡಿಯೊದವರದು, ಪ್ರಪಂಚಕ್ಕೆಲ್ಲ ಒಂದೇ ಸಮಯ. ಕಾರ್ಡಲ್ಲಿ ಬರೆಯೋದು ಅದನ್ನೇ. ಮದುವೆಯಾದ ಹೊಸದರಲ್ಲಿ ಅದನ್ನ ನೋಡ್ಕೊಂಡು ಹೊರಟು ಎರಡು ಸಲ ಬಸ್ಸು ತಪ್ಪಿಸ್ಕೊಂಡಿದೀನಿ. ಈ ದೇಶದ ಗಡಿಯಾರಕ್ಕಿಂತ ಎರಡು ಗಂಟೆ ಹಿಂದೆ ಅದು."

ಮೇಷ್ಟ್ರು ಕಾರ್ಡು ಮಗುಚಿ ಆಡುಗಳನ್ನು ನೋಡಿದರು. "ಆ ದ್ವೀಪದವನು ತಪ್ಪು ಬರೆದಿರಬಹುದು. ಎಷ್ಟೋ ಜನ ಬರೀತಾರೆ."

"ಆರಕ್ಕೆ ಹತ್ತು ನಿಮಿಷ ಇತ್ತು. ನಾನು ಹಸಿರು ಚೌಕುಳಿ ಬಟ್ಟೆ ನೋಡ್ತಾ ಇದ್ದೆ."

ಭವನದ ಆ ತುದಿಯಲ್ಲಿ ಹೆಣಿಗೆಯವರು ತಮ್ಮ ಮರದ ದೀಪ ಹಾಕಿ ಚಪ್ಪಾಳೆ ತಟ್ಟಿದರು.

"ಇದನ್ನ ಮರಕ್ಕೆ ಹಾಕೋದು ಬೇಡ ತಾಯಿ," ಅಂದರು ಮೇಷ್ಟ್ರು ಕೊನೆಗೆ. "ಮನೆಗೆ ತಗೊಂಡು ಹೋಗು."

"ಇದಕ್ಕೆ ಉತ್ತರ ಹೋಗ್ಬೇಕಲ್ವಾ? ಆತ ಕಾಯ್ತಿರ್ತಾನೆ."

"ಹೋಗ್ಬೇಕು. ನಾನು ಬರೀತೀನಿ ಬಿಡು. ತೀರಿಕೊಂಡ್ರು ಅಂತ ಒಂದು ಸಾಲು."

"ನಾನೇ ಬರೀತೀನಿ."

ಮೇಷ್ಟ್ರು ಚೀಲದಿಂದ ಖಾಲಿ ಕಾರ್ಡೊಂದನ್ನು ತೆಗೆದುಕೊಟ್ಟರು. ಅವಳು ಏಣಿಯ ಮೆಟ್ಟಿಲ ಮೇಲೆ ಅದನ್ನಿಟ್ಟುಕೊಂಡು ಗಂಡನ ಕಾಲ್‌ಸೈನ್ ಬರೆದಳು. ತಾರೀಕು ಬರೆದಳು. 15:50 ಎಂದು ಬರೆದಳು. ಉಳಿದ ಜಾಗದ ಮೇಲೆ ಪೆನ್ನು ನಿಂತಿತು. ಆಮೇಲೆ ಏಳು ಗಂಟೆಯಿಂದ ಎರಡು ಕಳೆದು, ರೇಡಿಯೊದವರ ಲೆಕ್ಕದಲ್ಲಿ, ತಪ್ಪಿಲ್ಲದೆ ಬರೆದಳು:

'ಹೋಗಲಿಲ್ಲ. ಹೆಂಡತಿ ಬಂದಾಗ 17:00.'