ಮನೆಮಾತಿನ ಪರೀಕ್ಷೆ

ಹುಟ್ಟಿದ ಮೂರನೇ ದಿನವೇ ಸೂಲಗಿತ್ತಿಯನ್ನು ನಮ್ಮ ಮನೆಮಾತಿನಲ್ಲಿ ಚೆನ್ನಾಗಿ ಬೈದವನು ನಾನು. ಸಣ್ಣ ಭಾಷೆಗಳನ್ನು ಓದಲು ಸಮುದ್ರದಾಚೆಯ ಈ ವಿಶ್ವವಿದ್ಯಾಲಯಕ್ಕೆ ಬಂದಾಗ ಅರ್ಜಿಯಲ್ಲೂ ಇದನ್ನೇ ಬರೆದೆ.

ಇಲ್ಲಿ ನಮ್ಮ ಭಾಷೆಯ ತರಗತಿಯನ್ನು ಮುಚ್ಚುವುದರಲ್ಲಿದ್ದರು. ಆ ಭಾಷೆಯನ್ನು ಮನೆಯಲ್ಲಿ ಆಡಿ ಬೆಳೆದವರು ಒಬ್ಬರಾದರೂ ಸಿಕ್ಕರೆ ಉಳಿಸುವುದಾಗಿ ಹೇಳಿದ್ದರು. ಆ ಒಬ್ಬ ನಾನೇ ಎಂದು ಎದೆ ಸೆಟೆಸಿ ಪರೀಕ್ಷೆಗೆ ಕುಳಿತೆ. ಎದುರಿಗಿದ್ದವರು ನಮ್ಮ ಕಾಡಂಚಿನ ಹಾಡಿಗಳಲ್ಲಿ ವರ್ಷಗಟ್ಟಲೆ ಅಲೆದು ಕನ್ನಡವನ್ನೂ ಕಲಿತಿದ್ದ ವಯಸ್ಸಾದ ಪ್ರೊಫೆಸರಮ್ಮ.

"ಒಂದು ಕತೆ ಹೇಳಿ ನೋಡೋಣ," ಎಂದರು.

ಜೇನು ಕೀಳಲು ಮರ ಹತ್ತಿದವನ ಕತೆಯನ್ನು ಎಲ್ಲೂ ತಡವರಿಸದೆ ಹೇಳಿ ಮುಗಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಜೇನು ಎದ್ದವು ಅಂದ ಮೇಲೆ ಎರಡು ಸಲ ಕೆಮ್ಮಿದ್ರಲ್ಲ, ಯಾಕೆ?"

"ಅದು ಕತೆಯಲ್ಲೇ ಇದೆ ಮೇಡಂ. ನಮ್ಮ ಕಡೆ ಎಲ್ರೂ ಹಾಗೇ ಹೇಳೋದು."

"ಅವತ್ತು ಈ ಕತೆ ಹೇಳಿದ ಅಜ್ಜಿಗೆ ನೆಗಡಿಯಾಗಿತ್ತು ಕಣಪ್ಪಾ. ಟೇಪ್ ಮಾಡಿದವಳು ನಾನೇ."

ಸಿಕ್ಕಿಬಿದ್ದೆ. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

"ಆಯ್ತು, ನಿಜ ಹೇಳ್ತೀನಿ. ಸ್ಕೂಲಲ್ಲಿ ನಗ್ತಾರೆ ಅಂತ ನಮ್ಮಮ್ಮ ಮನೇಲಿ ಈ ಮಾತನ್ನ ಒಂದು ದಿನಾನೂ ಆಡಲಿಲ್ಲ. ನಿಮ್ಮ ಲೈಬ್ರರಿಲಿರೋ ಆ ಟೇಪನ್ನ ಮೂರು ತಿಂಗಳು ಕೇಳಿ ಕಲ್ತೆ. ಅದರಲ್ಲಿ ಮಾತಾಡಿರೋದು ನನ್ನ ಅಜ್ಜಿ, ನಾನು ಹುಟ್ಟೋ ಮೊದಲೇ ತೀರಿಕೊಂಡ್ಲು. ಬೇಕಾದ್ರೆ ಫೇಲ್ ಮಾಡಿ ಮೇಡಂ, ಆ ಕೆಮ್ಮನ್ನ ಮಾತ್ರ ನಾನು ಬಿಡಲ್ಲ."